ಚರ್ಮ ಒಪ್ಪದ್ದನ್ನು ಮೂಗು ಬಲ್ಲದು

ವರ್ಷದ ಬಹುಪಾಲು ದಿನ ಮೂಗು ಸುರಿಸುತ್ತ, ಬೆಳಗಾದರೆ ಒಂದರ ಹಿಂದೊಂದು ಹತ್ತು ಸೀನು ಸೀನುವ ಮಗುವಿನ ಬಗ್ಗೆ ನಮ್ಮ ಕಡೆ ತೀರ್ಪು ಸಿದ್ಧವಾಗಿಯೇ ಇರುತ್ತದೆ: ಅದರ ಮೈಯೇ ಥಂಡಿ. ಮೊಸರು ಬಿಡಿಸುತ್ತಾರೆ, ಬಾಳೆಹಣ್ಣು ಬಿಡಿಸುತ್ತಾರೆ, ಕಿವಿ ಮುಚ್ಚುವಂತೆ ಕುಲಾವಿ ಕಟ್ಟುತ್ತಾರೆ, ಔಷಧದಂಗಡಿಯಿಂದ ಸಿರಪ್ ತರುತ್ತಾರೆ. ಅಷ್ಟಕ್ಕೂ ನಿಲ್ಲದಿದ್ದರೆ ನಾಲ್ಕು ದುಡ್ಡು ಕೂಡಿಸಿಕೊಂಡು ಬಾಗಲಕೋಟೆಗೋ ವಿಜಯಪುರಕ್ಕೋ ಬೆಳಗಾವಿಗೋ ಕರೆದೊಯ್ದು ಅಲರ್ಜಿ ಪರೀಕ್ಷೆ ಮಾಡಿಸುತ್ತಾರೆ. ಮುಂಗೈಗೆ ಚುಚ್ಚಿ ನೋಡಿದ್ದಾಯಿತು, ರಕ್ತ ಕೊಟ್ಟದ್ದಾಯಿತು, ಕಾಗದದ ಮೇಲೆ ‘ನೆಗೆಟಿವ್’ ಎಂದು ಅಚ್ಚಾಗಿ ಬಂತು. ವಿಚಾರಣೆ ಅಲ್ಲಿಗೆ ಮುಗಿಯುತ್ತದೆ. ಅಲರ್ಜಿ ಅಲ್ಲವೆಂದ ಮೇಲೆ ಥಂಡಿಯೇ ಸರಿ ಎಂದು ಮಗು ಮತ್ತೆ ಕುಲಾವಿಗೆ ಮರಳುತ್ತದೆ. ಈ ಉಪನ್ಯಾಸ ‘ನೆಗೆಟಿವ್’ ಎಂಬ ಆ ಒಂದು ಪದದ ಬಗ್ಗೆ. ಚರ್ಮವೂ ರಕ್ತವೂ ‘ಇಲ್ಲ’ ಎಂದರೆ ಮೂಗಿನಲ್ಲಿ ಅಲರ್ಜಿ ಇರಲಾರದು ಎಂಬ ನಂಬಿಕೆ ತಪ್ಪು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಂಥ ಊರುಗಳ ಪರಿಸರದಲ್ಲಿ ಅದು ದುಬಾರಿಯ ತಪ್ಪು ಎಂಬುದು ನನ್ನ ವಾದ.

ಮೂಗಿನ ಕಾಯಿಲೆಗೆ ಮುಂಗೈಯನ್ನು ಸಾಕ್ಷಿಗೆ ಕರೆಯುವ ಪದ್ಧತಿ ಹೇಗೆ ಬಂತು ಎಂಬುದನ್ನು ಮೊದಲು ನೋಡಬೇಕು, ಏಕೆಂದರೆ ಆರಂಭದಲ್ಲಿ ಹಾಗಿರಲಿಲ್ಲ. ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್‌ಲಿ ಹುಲ್ಲಿನ ಪರಾಗವೇ ತನ್ನ ಬೇಸಿಗೆಯ ನೆಗಡಿಗೆ ಕಾರಣವೆಂದು ತೋರಿಸಿ 1873ರಲ್ಲಿ ಪುಸ್ತಕ ಬರೆದಾಗ, ಅವನು ಆ ಪರಾಗವನ್ನು ತನ್ನ ಮೂಗಿಗೇ ಹಾಕಿಕೊಂಡು ನೋಡಿದ್ದ. ಕೈಗೆ ಗೀರಿ ನೋಡಿದ್ದೂ ಉಂಟು. ‘ಅಲರ್ಜಿ’ ಎಂಬ ಪದ ಹುಟ್ಟಿದ್ದೇ ಆಮೇಲೆ, 1906ರಲ್ಲಿ, ವಿಯೆನ್ನಾದ ಮಕ್ಕಳ ವೈದ್ಯ ಪಿರ್ಕೆಯಿಂದ. 1921ರಲ್ಲಿ ಪ್ರೌಸ್ನಿಟ್ಜ್ ಎಂಬವನು ಮೀನು ಒಗ್ಗದ ತನ್ನ ಸಹೋದ್ಯೋಗಿ ಕ್ಯೂಸ್ಟ್ನರನ ರಕ್ತದ್ರವವನ್ನು ತನ್ನ ಚರ್ಮದೊಳಕ್ಕೆ ಚುಚ್ಚಿಕೊಂಡು, ಮರುದಿನ ಅದೇ ಜಾಗಕ್ಕೆ ಮೀನಿನ ಸತ್ವ ಕೊಟ್ಟಾಗ ಗಂಧೆ ಎದ್ದಿತು. ರಕ್ತದಲ್ಲಿ ಏನೋ ಇದೆ, ಅದು ಚರ್ಮಕ್ಕೆ ಹೋಗಿ ಕೂರುತ್ತದೆ ಎಂದಾಯಿತು. ಆ ‘ಏನೋ’ ಐಜಿಇ ಎಂಬ ಪ್ರತಿಕಾಯವೆಂದು 1960ರ ದಶಕದ ಉತ್ತರಾರ್ಧದಲ್ಲಿ ಇಶಿಜಾಕಾ ದಂಪತಿ ಅಮೆರಿಕದಲ್ಲೂ ಯೋಹಾನ್ಸನ್ ಮತ್ತು ಬೆನ್ನಿಕ್ ಸ್ವೀಡನ್ನಿನಲ್ಲೂ ಬೇರೆಬೇರೆಯಾಗಿ ಕಂಡುಕೊಂಡರು. ಅಲ್ಲಿಂದ ಚರ್ಮ ಮತ್ತು ರಕ್ತ ಎರಡೇ ಅಧಿಕೃತ ಸಾಕ್ಷಿಗಳಾದವು. ಮಾಡಲು ಸುಲಭ, ಅಳೆಯಲು ಸುಲಭ. ಹದಿನೈದಿಪ್ಪತ್ತು ನಿಮಿಷದಲ್ಲಿ ಮೂರು ಮಿಲಿಮೀಟರಿಗಿಂತ ದೊಡ್ಡ ಗುಳ್ಳೆ ಎದ್ದರೆ ಹೌದು, ಇಲ್ಲದಿದ್ದರೆ ಇಲ್ಲ. ರೋಗ ಇರುವ ಜಾಗವನ್ನೇ ಕೇಳುವ ಪದ್ಧತಿ ಹಿಂದೆ ಸರಿಯಿತು. ಅನುಕೂಲಕ್ಕಾಗಿ ಮಾಡಿಕೊಂಡ ಏರ್ಪಾಡು ಕಾಲಾಂತರದಲ್ಲಿ ಸಿದ್ಧಾಂತದ ವೇಷ ತೊಡುವುದು ವೈದ್ಯಕೀಯಕ್ಕೆ ಹೊಸದಲ್ಲ.

ಬಿರುಕು ಕಂಡದ್ದು 1975ರಲ್ಲಿ. ಹಗಿನ್ಸ್ ಮತ್ತು ಬ್ರಾಸ್ಟಾಫ್ ಎಂಬ ಇಬ್ಬರು ಬ್ರಿಟಿಷ್ ಸಂಶೋಧಕರು ಚರ್ಮಪರೀಕ್ಷೆ ನೆಗೆಟಿವ್ ಆದ ಮೂಗಿನ ರೋಗಿಗಳ ಸಿಂಬಳದಲ್ಲೇ ಧೂಳುಹುಳದ ವಿರುದ್ಧದ ಐಜಿಇ ಇರುವುದನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಮೂರು ದಶಕ ಅದನ್ನು ಹೆಚ್ಚು ಜನ ಕಿವಿಗೆ ಹಾಕಿಕೊಳ್ಳಲಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಸ್ಪೇನಿನ ಮಾಲಗಾ ನಗರದ ಕಾರ್ಮೆನ್ ರೊಂಡಾನ್ ಮತ್ತು ಸಂಗಡಿಗರು ಅದನ್ನೇ ಹಿಡಿದು ಬೆಳೆಸಿ, ಈ ಸ್ಥಿತಿಗೆ ‘ಸ್ಥಳೀಯ ಅಲರ್ಜಿ’ ಎಂಬ ಅರ್ಥದ ಹೆಸರು ನಿಲ್ಲುವಂತೆ ಮಾಡಿದರು. ನಡೆಯುವುದಿಷ್ಟು: ಮೂಗಿನ ಒಳಪೊರೆಯಲ್ಲಿರುವ ಕೋಶಗಳೇ ಐಜಿಇ ತಯಾರಿಸುತ್ತವೆ, ಅದು ಅಲ್ಲೇ ಪಕ್ಕದ ಮಾಸ್ಟ್ ಕೋಶಗಳ ಮೇಲೆ ಕೂರುತ್ತದೆ, ಪರಾಗವೋ ಧೂಳುಹುಳದ ಕಣವೋ ಬಂದು ತಾಗಿದಾಗ ಆ ಕೋಶಗಳು ಹಿಸ್ಟಮಿನ್ ಸುರಿಯುತ್ತವೆ. ಸೀನು, ತುರಿಕೆ, ನೀರು, ಕಟ್ಟು, ಎಲ್ಲವೂ ಮಾಮೂಲಿ ಅಲರ್ಜಿಯ ಹಾಗೆಯೇ. ಆದರೆ ಆ ಐಜಿಇ ರಕ್ತಕ್ಕೂ ಚರ್ಮಕ್ಕೂ ಪರೀಕ್ಷೆಗೆ ಸಿಗುವಷ್ಟು ಹರಿದು ಹೋಗುವುದಿಲ್ಲ. ಊರ ಕಟ್ಟೆಯ ಮೇಲೆ ನಡೆದ ಜಗಳ ತಾಲೂಕು ಕಚೇರಿಯ ದಫ್ತರದಲ್ಲಿ ಇರಲೇಬೇಕೆಂದೇನಿಲ್ಲ; ದಫ್ತರದಲ್ಲಿ ಇಲ್ಲವೆಂದ ಮಾತ್ರಕ್ಕೆ ಜಗಳ ಆಗಿಲ್ಲವೆಂದೂ ಅಲ್ಲ.

ಎಷ್ಟು ಜನರಲ್ಲಿ ಹೀಗಿರುತ್ತದೆ ಎಂಬುದರಲ್ಲಿ ಒಮ್ಮತವಿಲ್ಲ. ಮಾಲಗಾ ತಂಡ 2012ರಲ್ಲಿ ಪ್ರಕಟಿಸಿದ 428 ಮೂಗಿನ ರೋಗಿಗಳ ಅಧ್ಯಯನದಲ್ಲಿ ನಾಲ್ಕರಲ್ಲೊಂದು ಪಾಲಿನವರಿಗೆ, ಅಂದರೆ ಶೇಕಡಾ 25.7ರಷ್ಟು ಮಂದಿಗೆ, ಸ್ಥಳೀಯ ಅಲರ್ಜಿ ಇತ್ತು. ಮಕ್ಕಳಿಗೆ ಬಂದರೆ ಅಂಕಿಗಳು ಹೊಯ್ದಾಡುತ್ತವೆ. ರೋಮಿನಲ್ಲಿ ಚರ್ಮ ಮತ್ತು ರಕ್ತಪರೀಕ್ಷೆ ನೆಗೆಟಿವ್ ಆದ 18 ಮಕ್ಕಳ ಮೂಗಿಗೆ ನೇರವಾಗಿ ಅಲರ್ಜಿಕಾರಕ ಕೊಟ್ಟು ನೋಡಿದಾಗ 12 ಮಕ್ಕಳಲ್ಲಿ ಪ್ರತಿಕ್ರಿಯೆ ಬಂತು. ಥಾಯ್ಲೆಂಡಿನಲ್ಲಿ ಅಂಥದೇ 54 ಮಕ್ಕಳನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ಇಬ್ಬರೇ. ಎರಡೂ 2016ರಲ್ಲಿ ಪ್ರಕಟವಾದವು. ಆಕ್ಷೇಪ ಇಲ್ಲಿಂದಲೇ ಏಳುತ್ತದೆ: ನೂರಕ್ಕೆ ನಾಲ್ಕೂ ಇಲ್ಲದ ಸಂಗತಿಗೆ ಇಷ್ಟು ಗದ್ದಲವೇಕೆ? ಆಕ್ಷೇಪದಲ್ಲಿ ತೂಕವಿದೆ. ಆದರೆ ಥಾಯ್ ಅಧ್ಯಯನ ಕೇಳಿದ್ದು ಒಂದೇ ಪ್ರಶ್ನೆಯನ್ನು, ಧೂಳುಹುಳದ ಒಂದೇ ಜಾತಿಯನ್ನು ಕುರಿತು. ಅದು ಹುಳದ ಬಗ್ಗೆ ಉತ್ತರವೇ ಹೊರತು ಪರಾಗದ ಬಗ್ಗೆಯಾಗಲಿ ಬೂಷ್ಟಿನ ಬಗ್ಗೆಯಾಗಲಿ ಅಲ್ಲ. ಇಟಲಿಯ ಇನ್ನೊಂದು ತಂಡ 2012ರಲ್ಲಿ ಆಲ್ಟರ್ನೇರಿಯಾ ಎಂಬ ಶಿಲೀಂಧ್ರಕ್ಕೆ ಚರ್ಮಪರೀಕ್ಷೆ ನೆಗೆಟಿವ್ ಆಗಿದ್ದ ಮಕ್ಕಳ ಮೂಗಿನ ಪೊರೆಯಲ್ಲಿ ಅದರ ವಿರುದ್ಧದ ಐಜಿಇಯನ್ನೇ ಹುಡುಕಿ ತೆಗೆದಿತ್ತು. ಅಂಕಿ ಏರಿಳಿಯುವುದು ಊರಿಂದೂರಿಗೆ ಗಾಳಿ ಬದಲಾಗುವುದರಿಂದ ಮತ್ತು ಯಾವುದನ್ನು ಕೇಳಿದರು ಎಂಬುದರಿಂದ. ಆದ್ದರಿಂದ ಬ್ಯಾಂಕಾಕಿನ ಶೇಕಡಾವಾರನ್ನೋ ಮಾಲಗಾದ ಶೇಕಡಾವಾರನ್ನೋ ತಂದು ಮುಧೋಳದ ಮಗುವಿಗೆ ತೊಡಿಸುವುದು ಎರಡೂ ಸಲ್ಲದು.

ಇಷ್ಟು ಅಪರೂಪದ ಬಾಗಿಲಿನವರೆಗೆ ಹೋಗುವ ಮೊದಲೇ ನಮ್ಮಲ್ಲಿ ಅಲರ್ಜಿ ಅಡಗಿಕೊಳ್ಳುವ ಸಾದಾ ಸಂದುಗಳಿವೆ. ನನ್ನ ಲೆಕ್ಕದಲ್ಲಿ ಹೆಚ್ಚು ಮಕ್ಕಳು ತಪ್ಪಿಹೋಗುವುದು ಅಲ್ಲೇ. ಪರೀಕ್ಷೆಯ ಹಿಂದಿನ ರಾತ್ರಿ ಸೆಟ್ರಿಜಿನ್ ಸಿರಪ್ ಕುಡಿದ ಮಗುವಿನ ಚರ್ಮದಲ್ಲಿ ಗುಳ್ಳೆ ಏಳುವುದಿಲ್ಲ. ಆ ಔಷಧವನ್ನು ಒಂದು ವಾರ ಮೊದಲೇ ನಿಲ್ಲಿಸಬೇಕು. ಎಷ್ಟೋ ಮನೆಗಳಲ್ಲಿ ಅದನ್ನು ಔಷಧವೆಂದೇ ಎಣಿಸುವುದಿಲ್ಲ, ‘ನೆಗಡಿ ಬಾಟಲಿ’ ಎಂದಷ್ಟೇ; ಆದ್ದರಿಂದ ‘ಯಾವುದಾದರೂ ಔಷಧ ಕೊಡ್ತೀರಾ’ ಎಂದು ಕೇಳಿದರೆ ಇಲ್ಲವೆಂಬ ಉತ್ತರವೇ ಬರುತ್ತದೆ. ಎರಡನೆಯದು, ಪರೀಕ್ಷೆಯ ಪೆಟ್ಟಿಗೆಯಲ್ಲಿ ಇಲ್ಲದ್ದನ್ನು ಪರೀಕ್ಷೆ ಹೇಳಲಾರದು. ಎಲ್ಲೋ ತಯಾರಾದ ಪಟ್ಟಿಯಲ್ಲಿ ಬರ್ಚ್ ಮರದ ಪರಾಗವಿದ್ದು ಬಳ್ಳಾರಿ ಜಾಲಿಯೋ ಬಿಳಿಜೋಳವೋ ಇಲ್ಲದಿದ್ದರೆ, ಆ ನೆಗೆಟಿವ್ ವರದಿ ಮಗುವಿನದಲ್ಲ, ಪಟ್ಟಿಯದು. ಮೂರನೆಯದು ಇದರ ತಿರುವು. ರಕ್ತದಲ್ಲಿ ಒಟ್ಟು ಐಜಿಇ ಎಷ್ಟಿದೆ ಎಂದಷ್ಟೇ ಅಳೆಸುವ ರೂಢಿ ವ್ಯಾಪಕವಾಗಿದೆ. ಹೊಟ್ಟೆಯಲ್ಲಿ ಜಂತುಹುಳ ಇದ್ದರೂ ಆ ಅಂಕಿ ಏರುತ್ತದೆ, ಸ್ಥಳೀಯ ಅಲರ್ಜಿ ಇದ್ದರೂ ಅದು ಏರದೆ ಇರಬಹುದು. ಇನ್ನು ನೂರಾರು ತಿನಿಸುಗಳ ಹೆಸರಿರುವ ದುಬಾರಿ ರಕ್ತಪರೀಕ್ಷೆಗಳ ಬಗ್ಗೆ ಒಂದೇ ಮಾತು: ಬರೀ ಮೂಗಿನ ತೊಂದರೆಗೆ ಆಹಾರ ಕಾರಣವಾಗುವುದು ವಿರಳ, ಆ ಪಟ್ಟಿ ಹಿಡಿದು ಬೆಳೆಯುವ ಮಗುವಿಗೆ ಹಾಲು, ಶೇಂಗಾ, ತತ್ತಿ ತಪ್ಪಿಸುವುದು ಮೂಗಿನ ರೋಗಕ್ಕೆ ಹೊಟ್ಟೆಗೆ ಶಿಕ್ಷೆ ಕೊಟ್ಟಂತೆ.

ಈಗ ನಮ್ಮ ಗಾಳಿಗೆ ಬರೋಣ. ಕೃಷ್ಣೆ ಘಟಪ್ರಭೆಯರ ನಡುವಿನ ಈ ಸೀಮೆ ಮೂಲತಃ ಒಣಸೀಮೆ. ಕಾಲುವೆ, ಹಿಪ್ಪರಗಿ ಬ್ಯಾರೇಜು, ಆಲಮಟ್ಟಿಯ ಹಿನ್ನೀರು ಸೇರಿ ಅದನ್ನು ಕಬ್ಬಿನ ಸೀಮೆಯನ್ನಾಗಿ ಮಾಡಿವೆ. ನೀರು ಬಂದಲ್ಲಿ ಕಾಂಗ್ರೆಸ್ ಕಸವೂ ಬಂತು. 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಗುರುತಿಗೆ ಸಿಕ್ಕ ಈ ಗಿಡಕ್ಕೆ ಹಸಿ ಸಿಕ್ಕರೆ ಸಾಕು, ಮೊಳೆತ ತಿಂಗಳೊಪ್ಪತ್ತಿನಲ್ಲಿ ಹೂ ಬಿಡುತ್ತದೆ; ಮಳೆಯನ್ನೇ ನಂಬಿದ ಕಡೆ ಅದರ ಹೂವಿಗೆ ಋತುವಿದ್ದರೆ ಕಾಲುವೆಯ ದಂಡೆಯಲ್ಲಿ ಅದೂ ಇಲ್ಲ. ಚರ್ಮದ ತುರಿಕೆಗೆ ಅದು ಹೆಸರಾದರೂ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೊಂಬತ್ತರ ದಶಕದ ಆರಂಭದಲ್ಲಿ ತೋರಿಸಿದಂತೆ, ಮೂಗಿನ ರೋಗಿಗಳಲ್ಲಿ ಸುಮಾರು ಮೂರರಲ್ಲೊಂದು ಪಾಲಿನವರ ಚರ್ಮ ಅದರ ಪರಾಗಕ್ಕೆ ಪ್ರತಿಕ್ರಿಯಿಸಿತ್ತು. ಆಲ್ಟರ್ನೇರಿಯಾ ಬೆಳೆಯುವುದು ಒಣಗಿದ ಎಲೆ, ದಂಟು, ಬೆಳೆಯ ಉಳಿಕೆಗಳ ಮೇಲೆ. ರಾಶಿ ಮಾಡುವಾಗ, ಕಣಿಕೆ ಎಳೆದು ಬಣವಿ ಒಟ್ಟುವಾಗ, ಕಬ್ಬಿನ ರವದಿ ಕೆದರುವಾಗ ಅದರ ಬೀಜಕಣ ಗಾಳಿಗೇಳುತ್ತದೆ. ಚರ್ಮಕ್ಕೆ ಸಿಗದೆ ಮಕ್ಕಳ ಮೂಗಿನಲ್ಲಿ ಸಿಕ್ಕ ಅಲರ್ಜಿಕಾರಕಗಳಲ್ಲಿ ಈ ಶಿಲೀಂಧ್ರವೇ ಒಂದು ಎಂಬುದನ್ನು ಇಲ್ಲಿ ನೆನೆಯಬೇಕು. ಧೂಳುಹುಳಕ್ಕೆ ಬೇಕಾದದ್ದು ತೇವ ಮತ್ತು ಮನುಷ್ಯರ ಚರ್ಮದ ಹೊಟ್ಟು. ನಮ್ಮ ಬಿರುಬೇಸಿಗೆ ಅದಕ್ಕೆ ಒಗ್ಗದು, ಮಳೆಗಾಲದ ಕೌದಿ ಒಗ್ಗುತ್ತದೆ. ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹೊಲಿದ, ವರ್ಷಕ್ಕೆ ಒಂದೆರಡು ಬಾರಿ ಮಾತ್ರ ಹೊಳೆ ಕಾಣುವ ಆ ಕೌದಿ, ಹುಳದ ದೃಷ್ಟಿಯಿಂದ ಹಲವು ಅಂತಸ್ತಿನ ಮನೆ.

ಇದಕ್ಕೆ ಬಲವಾದ ಎದುರು ಮಾತೊಂದಿದೆ. ಬನಹಟ್ಟಿಯ ಮನೆಯಲ್ಲಿ ಪವರ್‌ಲೂಮಿನ ಪಕ್ಕದಲ್ಲೇ ಮಲಗುವ ಮಗುವಿನ ಮೂಗಿಗೆ ದಿನವಿಡೀ ನೂಲಿನ ಧೂಳು, ಮುಧೋಳದ ಮಗುವಿಗೆ ಕಬ್ಬು ನುರಿಸುವ ಹಂಗಾಮಿನ ತುಂಬ ರವದಿ ಸುಟ್ಟ ಹೊಗೆ ಮತ್ತು ಸಕ್ಕರೆ ಕಾರ್ಖಾನೆಯ ಬೂದಿ, ಒಲೆಯ ಮನೆಗಳಲ್ಲಿ ಅಡುಗೆಯ ಹೊಗೆ. ಇಷ್ಟೆಲ್ಲ ಕೆರಳಿಸುವ ವಸ್ತುಗಳಿರುವಾಗ ಕಾಣದ ಅಲರ್ಜಿಯನ್ನು ಯಾಕೆ ಹುಡುಕಬೇಕು? ಇದು ಬರೀ ಹೊಗೆ ಧೂಳಿನ ಮೂಗು ಎಂದರೆ ಸಾಲದೇ? ಕೆಲವು ಮಕ್ಕಳ ಮಟ್ಟಿಗೆ ಸಾಕು. ಐಜಿಇಯ ಹಂಗಿಲ್ಲದೆ ಹೊಗೆಯೊಂದೇ ಮೂಗು ಕಟ್ಟಿಸಬಲ್ಲದು, ಸುರಿಸಬಲ್ಲದು. ಆದರೆ ಹೊಗೆ ಮತ್ತು ಅಲರ್ಜಿ ಒಂದರ ಜಾಗಕ್ಕೆ ಇನ್ನೊಂದು ಬರುವ ಪ್ರತಿಸ್ಪರ್ಧಿಗಳಲ್ಲ. ಲಾಸ್ ಏಂಜಲೀಸಿನಲ್ಲಿ ಡಿಯಾಜ್-ಸಾಂಚೆಜ್ ಮತ್ತು ಸ್ಯಾಕ್ಸನ್ 1997ರಲ್ಲಿ ತೋರಿಸಿದ್ದು ಇದನ್ನೇ: ರ‍್ಯಾಗ್‌ವೀಡ್ ಎಂಬ ಕಳೆಯ ಪರಾಗವನ್ನಷ್ಟೇ ಮೂಗಿಗೆ ಕೊಟ್ಟಾಗ ಬಂದದ್ದಕ್ಕಿಂತ, ಅದರ ಜತೆಗೆ ಡೀಸೆಲ್ ಹೊಗೆಯ ಕಣಗಳನ್ನು ಸೇರಿಸಿ ಕೊಟ್ಟಾಗ ಆ ಪರಾಗದ ವಿರುದ್ಧದ ಐಜಿಇ ಮೂಗಿನೊಳಗೇ ಅನೇಕ ಪಟ್ಟು ಏರಿತು. ರ‍್ಯಾಗ್‌ವೀಡ್ ಬೇರೆ ಯಾರೂ ಅಲ್ಲ, ಕಾಂಗ್ರೆಸ್ ಕಸದ ಕುಲದವನೇ. ಇವೆರಡರ ಪರಾಗಕ್ಕೆ ಹುಟ್ಟುವ ಅಲರ್ಜಿ ಒಂದನ್ನೊಂದು ಗುರುತಿಸುತ್ತದೆ ಎಂಬುದನ್ನು ಆಗಲೇ ಹೇಳಿದ ಬೆಂಗಳೂರಿನ ತಂಡ 1993ರಲ್ಲಿ ಪ್ರಕಟಿಸಿದೆ. ರವದಿಯ ಹೊಗೆ ಡೀಸೆಲ್ ಹೊಗೆಯಲ್ಲ ಎಂಬುದು ನಿಜ, ಹೋಲಿಕೆಯನ್ನು ಅಳತೆ ಮೀರಿ ಎಳೆಯಬಾರದು. ಆದರೂ ಹೊಗೆ ಮೂಗನ್ನು ಪರಾಗಕ್ಕೆ ಎತ್ತಿಕಟ್ಟಬಲ್ಲದು ಎಂಬ ತತ್ವ ತಿಳಿದ ಮೇಲೆ, ಹೊಗೆ ಇದೆ ಎಂಬುದೇ ಅಲರ್ಜಿ ಇಲ್ಲವೆನ್ನಲು ಕಾರಣವಾಗದು. ಇನ್ನೂ ಹೆಚ್ಚು ಹುಡುಕಲು ಕಾರಣವಾಗುತ್ತದೆ.

ವೈದ್ಯರ ಕಡೆಯಿಂದಲೇ ಬರುವ ಆಕ್ಷೇಪ ಬೇರೆ ತರಹದ್ದು. ಯಾವುದಾದರೇನು, ಕೊಡುವುದು ಅದೇ ಮೂಗಿನ ಸ್ಪ್ರೇ, ಅದೇ ಗುಳಿಗೆ. ಹೆಸರಿಟ್ಟು ಏನು ಸಾಧಿಸುತ್ತೀರಿ? ಮೊದಲನೆಯದಾಗಿ, ‘ಅದೇ’ ಎಂಬುದು ಪುಸ್ತಕದ ಮಾತು. ಥಂಡಿ ಎಂದು ತಿಳಿದ ಮಗುವಿಗೆ ವಾಸ್ತವದಲ್ಲಿ ಸಿಗುವುದು ಸ್ಪ್ರೇ ಅಲ್ಲ, ಪದೇಪದೇ ಆ್ಯಂಟಿಬಯಾಟಿಕ್, ನಿದ್ದೆ ಬರಿಸುವ ನೆಗಡಿ ಸಿರಪ್, ಕಟ್ಟಿದ ಮೂಗು ತಟ್ಟನೆ ಬಿಡಿಸುವ ಹನಿ. ಆ ಹನಿಯನ್ನು ವಾರಗಟ್ಟಲೆ ಹಾಕಿದರೆ ಅದೇ ಮೂಗು ಕಟ್ಟಿಸಲು ಶುರುಮಾಡುತ್ತದೆ. ಸಿರಪ್ಪಿನ ವಿಷಯದಲ್ಲಿ, ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಕೂಡಿದ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಕೂಡದೆಂದು ಲೇಬಲ್ಲಿನ ಮೇಲೆ ಹಾಕುವಂತೆ ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಸೂಚಿಸಬೇಕಾಯಿತು. ಎರಡನೆಯದಾಗಿ, ಕಾರಣ ತಿಳಿದರೆ ಮಾತ್ರ ಮಾಡಬಹುದಾದ ಕೆಲಸಗಳಿವೆ. ಧೂಳುಹುಳವೆಂದು ಖಚಿತವಾದರೆ ಕೌದಿಯನ್ನು ಕುದಿಯುವ ಹದದ ನೀರಿನಲ್ಲಿ ಒಗೆಯುವುದಕ್ಕೆ ಅರ್ಥವಿದೆ. ಪರಾಗವಾದರೆ ಆ ದುಡಿತ ವ್ಯರ್ಥ. ಅಲರ್ಜಿಕಾರಕವನ್ನೇ ಅಲ್ಪ ಪ್ರಮಾಣದಲ್ಲಿ ಕೊಡುತ್ತ ಹೋಗುವ ಇಮ್ಯುನೊಥೆರಪಿ ಸ್ಥಳೀಯ ಅಲರ್ಜಿಯಲ್ಲೂ ಕೆಲಸ ಮಾಡುತ್ತದೆ ಎಂಬುದನ್ನು ಮಾಲಗಾ ತಂಡ ಧೂಳುಹುಳ ಮತ್ತು ಹುಲ್ಲಿನ ಪರಾಗ ಎರಡಕ್ಕೂ ತೋರಿಸಿದೆ; ಯಾರಿಗೆ ಔಷಧ, ಯಾರಿಗೆ ಹುಸಿಮದ್ದು ಎಂಬುದು ರೋಗಿಗೂ ವೈದ್ಯರಿಗೂ ಗೊತ್ತಿಲ್ಲದಂತೆ ನಡೆದ ಪ್ರಯೋಗಗಳು ಅವು. ಮಕ್ಕಳಲ್ಲಿ ಆ ಪುರಾವೆ ಇನ್ನೂ ತೆಳು ಎಂದು ಒಪ್ಪಿಕೊಂಡೇ ಹೇಳುತ್ತೇನೆ. ‘ಕಾದು ನೋಡೋಣ, ನಿಜವಾದ ಅಲರ್ಜಿಯಾದರೆ ಮುಂದೆ ಚರ್ಮದಲ್ಲೂ ಕಂಡೀತು’ ಎಂಬುದೂ ನಿಲ್ಲುವ ಮಾತಲ್ಲ. ಅದೇ ತಂಡ ಹತ್ತು ವರ್ಷ ಬೆನ್ನುಹತ್ತಿ ನೋಡಿದಾಗ ಚರ್ಮ ಅಥವಾ ರಕ್ತ ಪಾಸಿಟಿವ್ ಆಗಿ ತಿರುಗಿದವರು ನೂರಕ್ಕೆ ಹತ್ತರೊಳಗೆ, ಆರೋಗ್ಯವಂತರ ಗುಂಪಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಆ ಹತ್ತು ವರ್ಷಗಳಲ್ಲಿ ರೋಗಿಗಳಲ್ಲಿ ಹೆಚ್ಚಿದ್ದು ಆಸ್ತಮಾ.

ಹಾಗೆಂದು ಸುರಿಯುವ ಮೂಗಿಗೆಲ್ಲ ಅಡಗಿದ ಅಲರ್ಜಿ ಎಂಬ ಚೀಟಿ ಹಚ್ಚುವುದು ಹಳೆಯ ತಪ್ಪಿನ ಮಗ್ಗುಲು ಬದಲಾವಣೆಯಷ್ಟೇ. ಅಂಗನವಾಡಿ ವಯಸ್ಸಿನ ಮಗುವಿಗೆ ವರ್ಷಕ್ಕೆ ಆರೆಂಟು ಸಲ ವೈರಸ್ ನೆಗಡಿ ಬರುವುದು ಸಹಜ. ಒಂದಾರುವ ಮೊದಲೇ ಇನ್ನೊಂದು ಹತ್ತಿದರೆ ವರ್ಷಪೂರ್ತಿ ನೆಗಡಿಯಂತೆ ತೋರುತ್ತದೆ. ಬಾಯಿ ತೆರೆದು ಮಲಗಿ ಗೊರಕೆ ಹೊಡೆಯುವ ಮಗುವಿಗೆ ಅಡಿನಾಯ್ಡ್ ಬೆಳೆದಿರಬಹುದು. ಒಂದೇ ಹೊಳ್ಳೆಯಿಂದ ನಾತದ ಕೀವು ಸುರಿದರೆ ಅದು ಅಲರ್ಜಿಯಲ್ಲ, ಒಳಗೆ ಕಡಲೆಕಾಳೋ ಮಣಿಯೋ ಸಿಕ್ಕಿದೆ ಎಂದೇ ಹಿಡಿಯಬೇಕು. ಆಟಿಕೆಯ ಗುಂಡಿ ಬ್ಯಾಟರಿಯಾದರೆ ಕೆಲವೇ ಗಂಟೆಗಳಲ್ಲಿ ಮೂಗಿನ ನಡುಗೋಡೆಯನ್ನು ಸುಟ್ಟುಬಿಡುತ್ತದೆ. ಚರ್ಮಪರೀಕ್ಷೆ ಪಾಸಿಟಿವ್ ಬಂದರೂ ಆ ವಸ್ತುವಿನಿಂದಲೇ ಮಗು ನರಳುತ್ತಿದೆ ಎಂದು ಸಿದ್ಧವಾಗುವುದಿಲ್ಲ ಎಂಬುದನ್ನೂ ಸೇರಿಸಬೇಕು. ನಾನು ಕೇಳುತ್ತಿರುವುದು ಹೆಚ್ಚು ಅಲರ್ಜಿ ರೋಗಿಗಳನ್ನಲ್ಲ. ಕಾಗದಕ್ಕಿಂತ ಕಥನಕ್ಕೆ ಹೆಚ್ಚು ಬೆಲೆ ಕೊಡುವ ವಿಚಾರಣೆಯನ್ನು.

ಖಚಿತಪಡಿಸುವ ಪರೀಕ್ಷೆ ಬ್ಲ್ಯಾಕ್‌ಲಿ ಮಾಡಿಕೊಂಡದ್ದರ ಶಿಸ್ತಿನ ರೂಪವೇ. ನೆಗಡಿ ಇಳಿದು ನಾಲ್ಕು ವಾರವಾದ ಮೇಲೆ, ಮೊದಲು ಬರೀ ಉಪ್ಪುನೀರು ಸಿಂಪಡಿಸಿ ಮೂಗು ಸುಮ್ಮನೆ ರೇಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಅಲರ್ಜಿಕಾರಕವನ್ನು ಕೊಟ್ಟು, ಸೀನು ತುರಿಕೆಗಳನ್ನು ಎಣಿಸಿ, ಒಳಗೆ ಎಳೆದ ಉಸಿರಿನ ವೇಗ ಶೇಕಡಾ 40ರಷ್ಟು ಕುಸಿಯಿತೇ ಎಂದು ಅಳೆಯುತ್ತಾರೆ. ಹೇಳಿದಂತೆ ಉಸಿರೆಳೆಯಬಲ್ಲ ಮಗು ಬೇಕು, ಅಂದರೆ ಐದಾರು ವರ್ಷವಾದರೂ ಆಗಿರಬೇಕು; ಆಸ್ತಮಾ ಹತೋಟಿಯಲ್ಲಿ ಇಲ್ಲದಿದ್ದರೆ ಮಾಡಕೂಡದು. ಇದು ತಾಲೂಕು ಆಸ್ಪತ್ರೆಯ ಕೆಲಸವಲ್ಲ. ಆ ಪರೀಕ್ಷೆಗೆ ಯಾವ ಮಗುವನ್ನು ಕಳಿಸಬೇಕು ಎಂದು ಆರಿಸುವುದು ಮಾತ್ರ ತಾಲೂಕಿನದೇ ಕೆಲಸ, ಅದಕ್ಕೆ ಬೇಕಾದ ಸಲಕರಣೆಗಳೂ ಅಗ್ಗ. ಒಂದು ನಲವತ್ತು ಪುಟದ ನೋಟ್‌ಬುಕ್. ಸೀನು ಬಂದದ್ದು ಬೆಳಗಿನಲ್ಲೋ ಸಂಜೆಯೋ, ಹಾಸಿಗೆಯಲ್ಲೋ ಹೊಲದಲ್ಲೋ ಮಗ್ಗದ ಮನೆಯಲ್ಲೋ, ಕಣ್ಣು ತುರಿಸಿತೇ, ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜಿತೇ, ಅಂದು ರಾಶಿ ಇತ್ತೇ, ರವದಿಗೆ ಬೆಂಕಿ ಬಿದ್ದಿತ್ತೇ, ರಜೆಗೆ ಬೇರೆ ಊರಿಗೆ ಹೋದಾಗ ನಿಂತಿತೇ. ಒಂದು ವರ್ಷದ ಬರಹ ಸಾಲದಿದ್ದರೆ ಎರಡು. ಓದು ಬಾರದ ಮನೆಯಲ್ಲಿ ಕ್ಯಾಲೆಂಡರಿನ ಮೇಲೆ ಮೂರು ಬಣ್ಣದ ಚುಕ್ಕೆ ಸಾಕು. 2013ರಿಂದ ಶಾಲೆ ಅಂಗನವಾಡಿಗಳಿಗೆ ಹೋಗುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಮೂವತ್ತು ತೊಂದರೆಗಳನ್ನು ಹುಡುಕುತ್ತವೆ. ಅದರಲ್ಲಿ ಕಿವಿ ಸೋರುವುದೂ ಉಬ್ಬಸವೂ ಸೇರಿವೆ, ಅವೆರಡಕ್ಕೂ ನೆರೆಯದಾದ ಬಹುದಿನದ ಮೂಗು ಸೇರಿಲ್ಲ. ಉಬ್ಬಸದ ಮಗುವಿಗೆ ಮೂಗಿನ ಬಗ್ಗೆ ಎರಡು ಪ್ರಶ್ನೆ ಹೆಚ್ಚು ಕೇಳಲು ಹೊಸ ಸರ್ಕಾರಿ ಆದೇಶ ಬೇಕಿಲ್ಲ.

ಇನ್ನೊಂದು ಸಲಕರಣೆ ನಮ್ಮ ಆಸ್ಪತ್ರೆಗಳಲ್ಲಿ ಆಗಲೇ ಇದೆ: ಕ್ಷಯದ ಕಫ ನೋಡುವ ಸೂಕ್ಷ್ಮದರ್ಶಕ. ಮೂಗಿನ ಒಳಗೋಡೆಯಿಂದ ಹತ್ತಿಕಡ್ಡಿಯಲ್ಲಿ ತೆಗೆದ ಸಿಂಬಳವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ನೋಡಿದರೆ ಇಯೊಸಿನೊಫಿಲ್ ಎಂಬ ಬಿಳಿಕೋಶಗಳು ಗುಂಪಾಗಿವೆಯೇ ಎಂಬುದು ತಿಳಿಯುತ್ತದೆ. ಸೋಂಕಿನ ನೆಗಡಿಯಲ್ಲಿ ಕಾಣುವುದು ಹೆಚ್ಚಾಗಿ ಬೇರೆ ಕೋಶಗಳು. ಇಯೊಸಿನೊಫಿಲ್ ಕಂಡ ಮಾತ್ರಕ್ಕೆ ಅಲರ್ಜಿ ಸಾಬೀತಾಗುವುದಿಲ್ಲ. ಅಲರ್ಜಿಯಿಲ್ಲದೆಯೂ ಆ ಕೋಶಗಳು ತುಂಬುವ ಒಂದು ಬಗೆಯ ಮೂಗಿನ ರೋಗವಿದೆ. ಆದರೆ ಚರ್ಮಪರೀಕ್ಷೆ ನೆಗೆಟಿವ್, ನೋಟ್‌ಬುಕ್ಕಿನಲ್ಲಿ ರಾಶಿಯ ದಿನಗಳಿಗೂ ಸೀನಿಗೂ ತಾಳೆ, ಗಾಜಿನ ಮೇಲೆ ಇಯೊಸಿನೊಫಿಲ್ ಎಂದಾದರೆ, ಆ ಮಗುವಿನ ಕಡತವನ್ನು ಮುಚ್ಚುವ ಹಕ್ಕು ಯಾರಿಗೂ ಇಲ್ಲ. ಬಾಗಲಕೋಟೆಯ ಬಸ್ಸು ಹತ್ತಿಸಬೇಕಾದದ್ದು ಅದನ್ನೇ, ಈ ಸಲ ಸಿರಪ್ಪನ್ನು ಒಂದು ವಾರ ಮೊದಲೇ ನಿಲ್ಲಿಸಿ, ನೋಟ್‌ಬುಕ್ಕನ್ನು ಅವ್ವನ ಚೀಲದಲ್ಲಿಟ್ಟು.